ಗಿರ್ಗಾಂವ್‌ನ ಮೆಜೆಸ್ಟಿಕ್ ಥಿಯೇಟರ್ ಇದ್ದ ಜಾಗಕ್ಕೊಂದು ಕಲ್ಲು ಹಾಕಿಸಿ: ಮುಂಬಯಿ ಪಾಲಿಕೆಗೂ ಇಲ್ಲಿನ ಕನ್ನಡದವರಿಗೂ ಒಂದು ಬಹಿರಂಗ ಪತ್ರ

ಬೃಹನ್ಮುಂಬಯಿ ಮಹಾನಗರಪಾಲಿಕೆಯ ಮಾನ್ಯ ಆಯುಕ್ತರಿಗೆ, ಪಾಲಿಕೆಯ ಹೆರಿಟೇಜ್ ವಿಭಾಗದವರಿಗೆ, ಮೆಟ್ರೋ ಮೂರನೇ ಲೈನ್ ನಡೆಸುವವರಿಗೆ, ಮತ್ತೆ ಈ ಊರಲ್ಲಿರುವ ನನ್ನ ಎಲ್ಲಾ ಕನ್ನಡದವರಿಗೆ ನಮಸ್ಕಾರ.

ವಿಷಯ ನೇರ ಹೇಳಿ ಬಿಡ್ತೇನೆ. 2031ರ ಮಾರ್ಚ್ 14ಕ್ಕೆ ನಮ್ಮ ದೇಶದ ಸಿನಿಮಾಕ್ಕೆ ಮಾತು ಬಂದು ನೂರು ವರ್ಷ ಆಗ್ತದೆ. ನೂರು ವರ್ಷದ ಹಿಂದೆ ಅದೇ ದಿನ, 1931ರಲ್ಲಿ, ಅರ್ದೇಶಿರ್ ಇರಾನಿಯವರ ‘ಆಲಂ ಆರಾ’ ಮೊದಲ ಸಲ ಜನರ ಮುಂದೆ ಬಂದದ್ದು ಗಿರ್ಗಾಂವ್‌ನ ಮೆಜೆಸ್ಟಿಕ್ ಸಿನಿಮಾದಲ್ಲಿ. ಆ ಥಿಯೇಟರ್ ಕೆಡವಿ ದಶಕಗಳೇ ಆದವು, ಈಗ ಅಲ್ಲಿ ಮೆಜೆಸ್ಟಿಕ್ ಶಾಪಿಂಗ್ ಸೆಂಟರ್ ಉಂಟು, ಹೆಸರು ಮಾತ್ರ ಉಳಿದಿದೆ, ಆ ಹೆಸರು ಎಲ್ಲಿಂದ ಬಂತು ಅಂತ ಒಳಗೆ ಬಟ್ಟೆ ತಗೊಳ್ಳಿಕ್ಕೆ ಹೋಗುವ ಹುಡುಗರನ್ನ ಕೇಳಿ ನೋಡಿ, ಮುಖ ಮುಖ ನೋಡ್ತಾರೆ. ಅವರದ್ದು ತಪ್ಪಲ್ಲ. ಯಾರಾದ್ರೂ ಹೇಳಿದ್ರೆ ತಾನೇ ಗೊತ್ತಾಗೋದು. ನೂರು ವರ್ಷ ತುಂಬುವ ಮೊದಲು ಆ ಜಾಗದಲ್ಲಿ, ರಸ್ತೆಯಲ್ಲಿ ನಡೆಯುವವನ ಕಣ್ಣಿಗೆ ಬೀಳುವ ಹಾಗೆ, ಒಂದು ಗಟ್ಟಿ ಕಲ್ಲಿನ ಫಲಕ ಹಾಕಿಸಿ ಅಂತ ಕೇಳ್ಲಿಕ್ಕೆ ಈ ಪತ್ರ.

ಬೆಂಗಳೂರಿನವರಿಗೆ ಮೆಜೆಸ್ಟಿಕ್ ಅಂದ್ರೆ ಬಸ್‌ಸ್ಟ್ಯಾಂಡು. ಅಲ್ಲೂ ಅದೇ ಕಥೆ, ಆ ಹೆಸರಿನ ಥಿಯೇಟರ್ ಹೋಗಿ ಏರಿಯಾಕ್ಕೆ ಹೆಸರು ನಿಂತದ್ದು. ಆದ್ರೆ ಗಿರ್ಗಾಂವ್‌ನ ಮೆಜೆಸ್ಟಿಕ್‌ದು ಇಡೀ ದೇಶದ ಲೆಕ್ಕ, ಅದಕ್ಕೇ ನನಗೆ ಇಷ್ಟು ಹಠ.

ಮೊದಲು ಆ ಥಿಯೇಟರ್ ಕಟ್ಟಿದವರ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಅವರ ಹೆಸರೂ ಜನ ಮರೆತಿದ್ದಾರೆ. ಅಬ್ದುಲ್ಲಾಲಿ ಯೂಸುಫಾಲಿ ಅಂತ ಒಬ್ಬರು. ಸುಮಾರು 1901ರಿಂದ ಟೆಂಟ್ ಕಟ್ಕೊಂಡು ಬರ್ಮಾ, ಸಿಲೋನ್, ಸಿಂಗಾಪುರ, ಜಾವಾ ಅಂತ ಊರೂರು ತಿರುಗಿ ಸಿನಿಮಾ ತೋರಿಸಿದ ಮನುಷ್ಯ, ಆಮೇಲೆ ನಮ್ಮ ದೇಶದ ಊರುಗಳಲ್ಲೂ ಟೆಂಟ್ ಹಾಕಿದ್ರು, ಆ ಟೆಂಟಲ್ಲಿ ಸಾವಿರ ಜನ ಕೂರ್ತಿದ್ರಂತೆ. ನಮ್ಮ ಕಡೆಯವರಿಗೆ ಟೆಂಟ್ ಸಿನಿಮಾ ಅಂದ್ರೆ ಎಂತ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ, ನೆಲದಲ್ಲಿ ಮರಳು, ರೀಲು ಬದಲಿಸುವಾಗ ಇಂಟರ್‌ವಲ್, ಮಳೆಗಾಲ ಬಂದ್ರೆ ಟೆಂಟ್ ಬಿಚ್ಚಿ ಹೊರಡೋದು. ಹಾಗೆ ತಿರುಗಿ ತಿರುಗಿ 1914ರ ಹೊತ್ತಿಗೆ ಮುಂಬಯಿಯಲ್ಲಿ ನೆಲೆ ನಿಂತು ಅರ್ದೇಶಿರ್ ಇರಾನಿ ಜೊತೆ ಪಾಲುದಾರಿಕೆ ಮಾಡಿ ಅಲೆಕ್ಸಾಂಡ್ರಾ ಥಿಯೇಟರ್ ತಗೊಂಡ್ರು, 1918ರಲ್ಲಿ ಮೆಜೆಸ್ಟಿಕ್ ಕಟ್ಟಿದ್ರು. ಟೆಂಟಲ್ಲಿ ಊರೂರು ಅಲೆದವರು ಕೊನೆಗೆ ಗೋಡೆ ಎಬ್ಬಿಸಿ ಕಟ್ಟಿದ ಥಿಯೇಟರ್ ಅದು. ಇಂಥವರದ್ದು ಒಂದು ಸಾಲು ಆ ಕಲ್ಲಲ್ಲಿ ಇರ್ಲೇಬೇಕು ಅಂತ ನನ್ನ ಆಸೆ.

ಇನ್ನು ‘ಆಲಂ ಆರಾ’ ಕಥೆ. ಅದನ್ನ ತೆಗೆದದ್ದು ಕೆನೆಡಿ ಬ್ರಿಜ್ ಪಕ್ಕದ ಇಂಪೀರಿಯಲ್ ಸ್ಟುಡಿಯೋದಲ್ಲಿ, ಅದು ಆಮೇಲೆ ಜ್ಯೋತಿ ಸ್ಟುಡಿಯೋ ಆಯ್ತು. ಅಲ್ಲಿಂದ ಮೆಜೆಸ್ಟಿಕ್‌ಗೆ ಆರಾಮಾಗಿ ನಡ್ಕೊಂಡು ಹೋಗ್ಬಹುದು, ಅಷ್ಟೇ ದೂರ. ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ, ಹಗಲಲ್ಲಿ ರೈಲಿನ ಸದ್ದಿಗೆ ಎಂತದೂ ರೆಕಾರ್ಡ್ ಮಾಡ್ಲಿಕ್ಕೆ ಆಗದು, ಅದಕ್ಕೆ ರೈಲು ನಿಂತ ಮೇಲೆ ಮಧ್ಯರಾತ್ರಿ ಒಂದು ಗಂಟೆಯಿಂದ ಬೆಳಗಿನ ಜಾವ ನಾಲ್ಕರವರೆಗೆ ಶೂಟಿಂಗ್ ಮಾಡಿದ್ರು. ಆಗ ಡಬ್ಬಿಂಗ್ ಇಲ್ಲ, ಪ್ಲೇಬ್ಯಾಕ್ ಇಲ್ಲ, ನಟರು ಹಾಡ್ತಾ ನಟಿಸ್ಬೇಕು, ಮೈಕು ಕ್ಯಾಮೆರಾಕ್ಕೆ ಕಾಣದ ಹಾಗೆ ಅಡಗಿಸಿ ಇಡ್ಬೇಕು, ಹಾರ್ಮೋನಿಯಂನವರು ತಬಲಾದವರು ಫ್ರೇಮಿನ ಹೊರಗೆ ಮರೆಯಲ್ಲಿ ಕೂತು ಬಾರಿಸ್ಬೇಕು. ಸೌಂಡ್ ಮಾಡುವ ಕೆಲಸಕ್ಕೆ ಅಮೆರಿಕದಿಂದ ಬಂದ ತಂತ್ರಜ್ಞರ ಹತ್ತಿರ ನಾಲ್ಕು ಪಾಠ ಕಲಿತು ಇರಾನಿ ಮತ್ತು ರುಸ್ತುಂ ಭರೂಚಾ ತಾವೇ ರೆಕಾರ್ಡಿಂಗಿಗೆ ಕೂತ್ರು. ಮಾಸ್ಟರ್ ವಿಠ್ಠಲ್, ಜುಬೇದಾ, ಪೃಥ್ವಿರಾಜ್ ಕಪೂರ್ ಅದರಲ್ಲಿ ಇದ್ರು. ಮಾಸ್ಟರ್ ವಿಠ್ಠಲ್ ಬೇರೆ ಕಂಪನಿಯ ಕಾಂಟ್ರಾಕ್ಟ್ ಬಿಟ್ಟು ಬಂದದ್ದಕ್ಕೆ ಕೋರ್ಟು ಕೇಸಾಯ್ತು, ಅವರ ಪರ ನಿಂತು ಗೆಲ್ಲಿಸಿದ ವಕೀಲರು ಮೊಹಮ್ಮದ್ ಅಲಿ ಜಿನ್ನಾ. ಏಳು ಹಾಡು, ಅದರಲ್ಲಿ ಫಕೀರನ ವೇಷದಲ್ಲಿ ಡಬ್ಲ್ಯೂ.ಎಂ. ಖಾನ್ ಹಾಡಿದ ಹಾಡು ಊರೆಲ್ಲಾ ಬಾಯಲ್ಲಿ.

ರಿಲೀಸ್ ದಿನ ಬೆಳಿಗ್ಗೆಯಿಂದಲೇ ಮೆಜೆಸ್ಟಿಕ್ ಮುಂದೆ ಜನ ಸೇರಿದ್ದು ನೋಡಿ ಸ್ವತಃ ಮಾಲೀಕರಿಗೇ ಒಳಗೆ ಹೋಗ್ಲಿಕ್ಕೆ ಕಷ್ಟ ಆಯ್ತು ಅಂತ ಯೂಸುಫಾಲಿಯವರೇ ಆಮೇಲೆ ನೆನಪು ಮಾಡ್ಕೊಂಡಿದ್ದಾರೆ. ಆಗ ಕ್ಯೂ ಅನ್ನೋ ಪದ್ಧತಿಯೇ ಸಿನಿಮಾ ಜನಕ್ಕೆ ಗೊತ್ತಿರಲಿಲ್ಲ, ಬುಕಿಂಗ್ ಕಿಟಕಿ ಮೇಲೆ ಜನ ಬಿದ್ದರು, ರಸ್ತೆ ಬ್ಲಾಕ್, ಪೊಲೀಸ್ರನ್ನ ಕರೆಸ್ಬೇಕಾಯ್ತು. ನಾಲ್ಕಾಣೆ ಟಿಕೇಟು ಬ್ಲ್ಯಾಕಲ್ಲಿ ನಾಲ್ಕೈದು ರೂಪಾಯಿಗೆ ಹೋಯ್ತು. ಆ ಕಾಲದ ನಾಲ್ಕೈದು ರೂಪಾಯಿ ಅಂದ್ರೆ ಲೆಕ್ಕ ಹಾಕಿ. ಜನ ಯಾಕೆ ಹಾಗೆ ಬಿದ್ರು ಅಂದ್ರೆ, ಅದಕ್ಕಿಂತ ಮೊದಲು ಮಾತಾಡುವ ಸಿನಿಮಾ ಬಂದದ್ದು ಇಂಗ್ಲಿಷಲ್ಲಿ, ಅದು ಅರ್ಥ ಆಗುವವರು ಎಷ್ಟು ಜನ? ಗಿರ್ಗಾಂವ್‌ನ ಚಾಳ್‌ಗಳಲ್ಲಿ, ಅಂದ್ರೆ ಸಾಲು ಕೋಣೆಗಳ ವಠಾರಗಳಲ್ಲಿ, ಇದ್ದ ಗಿರಣಿ ಕೆಲಸದವನಿಗೆ, ಗುಮಾಸ್ತನಿಗೆ, ಮನೆ ಹೆಂಗಸರಿಗೆ ತನ್ನ ಕಿವಿಗೆ ಹತ್ತುವ ಮಾತು ತೆರೆಯಿಂದ ಕೇಳಿ ಬಂದದ್ದು ಅವತ್ತೇ ಮೊದಲು, ಅದಕ್ಕಿಂತ ದೊಡ್ಡ ಸಂಗತಿ ನಮ್ಮ ಸಿನಿಮಾದ ಕಥೆಯಲ್ಲಿ ಬೇರೆ ಉಂಟಾ ಅಂತ ನನಗೆ ಅನ್ನಿಸ್ತದೆ.

ಕನ್ನಡದವರಿಗೆ ಇದರಲ್ಲಿ ಎಂತ ಅಂತ ಕೇಳುವವರು ಕೇಳ್ತಾರೆ. ಉಂಟು ಸ್ವಾಮಿ. ‘ಆಲಂ ಆರಾ’ ಮುಗಿದ ಕೂಡ್ಲೇ ಅದೇ ಇಂಪೀರಿಯಲ್ ಸ್ಟುಡಿಯೋದಲ್ಲಿ, ತಮಿಳು ತೆಲುಗು ಮಾತಿದ್ದ ‘ಕಾಳಿದಾಸ್’ ತಯಾರಾಗಿ 1931ರ ಅಕ್ಟೋಬರ್‌ನಲ್ಲಿ ಮದ್ರಾಸಲ್ಲಿ ತೆರೆ ಕಂಡಿತು, ಅಂದ್ರೆ ದಕ್ಷಿಣದ ಭಾಷೆಗಳು ತೆರೆಯ ಮೇಲೆ ಬಾಯಿ ಬಿಟ್ಟದ್ದೂ ಈ ಕೆನೆಡಿ ಬ್ರಿಜ್ ಪಕ್ಕದಲ್ಲೇ. ನಮ್ಮ ಕನ್ನಡದ ಮೊದಲ ಮಾತಿನ ಸಿನಿಮಾ ‘ಸತಿ ಸುಲೋಚನ’ ಶೂಟಿಂಗ್ ಆದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ, ಛತ್ರಪತಿ ಸಿನೆಟೋನ್‌ನಲ್ಲಿ, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. 1934ರ ಮಾರ್ಚ್ 3ಕ್ಕೆ ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ ಬಿಡುಗಡೆ ಆಯ್ತು, ಅಲ್ಲೂ ಜನ ಮುಗಿಬಿದ್ದರು. ಆ ಪ್ರಿಂಟೂ ಈಗ ಇಲ್ಲ. ಆದ್ದರಿಂದ ಈ ಕಳಕೊಳ್ಳುವ ಸಂಕಟ ನಮಗೆ ಬೇರೆಯವರು ಹೇಳಿಕೊಡ್ಬೇಕಾಗಿಲ್ಲ.

ಮತ್ತೆ ಅಮೀರ್‌ಬಾಯಿ. ಬೀಳಗಿ ಕಡೆಯ ಹುಡುಗಿ, ಅಕ್ಕ ಗೋಹರ್‌ಬಾಯಿ ಹಾಗೇ ಮುಂಬಯಿಗೆ ಬಂದು ಹಾಡಿ ನಟಿಸಿ ಹೆಸರು ಮಾಡಿದವರು, ಹೆಸರಿನ ಜೊತೆ ‘ಕರ್ನಾಟಕಿ’ ಅಂತ ಕೊನೇವರೆಗೂ ಇಟ್ಕೊಂಡವರು, 1943ರ ‘ಕಿಸ್ಮತ್’ನ ಹಾಡುಗಳಲ್ಲಿ ಇಡೀ ದೇಶ ಕೇಳಿದ ದನಿ ಅವರದ್ದು. ವಿಜಯಪುರದ ಅಮೀರ್ ಟಾಕೀಸ್ ಅವರ ಮನೆತನದ್ದು. ಮುಂಬಯಿಯ ಸಿನಿಮಾಕ್ಕೆ ದನಿ ಕೊಟ್ಟವಳ ಹೆಸರಲ್ಲಿ ಉತ್ತರ ಕರ್ನಾಟಕದ ಊರಲ್ಲೊಂದು ಥಿಯೇಟರ್! ಸಿನಿಮಾಕ್ಕೆ ಮಾತು ಬರದೇ ಇದ್ದಿದ್ರೆ ಅಮೀರ್‌ಬಾಯಿಯ ದನಿ ಹಳ್ಳಿ ಹಳ್ಳಿಗೆ ಹೇಗೆ ಮುಟ್ತಿತ್ತು ಹೇಳಿ. ಆ ಮಾತು ಬಂದ ಮನೆ ಮೆಜೆಸ್ಟಿಕ್.

ನನ್ನ ಅಪ್ಪಯ್ಯ ಐವತ್ತರ ದಶಕದ ಕೊನೆಗೆ ಕುಂದಾಪುರ ಕಡೆಯಿಂದ ಇಲ್ಲಿಗೆ ಬಂದವರು, ಗಿರ್ಗಾಂವ್‌ನ ಒಂದು ಹೋಟೆಲಲ್ಲಿ ಮೊದಲು ಟೇಬಲ್ ಒರೆಸುವ ಕೆಲಸ, ಆಮೇಲೆ ಸಪ್ಲಾಯರ್, ಕೊನೆಗೆ ಗಲ್ಲೆ ಮೇಲೆ ಕೂರುವಷ್ಟು ಮೇಲೆ ಬಂದ್ರು. ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದ್ರು. ಹಿಂದಿ ಕಲಿತದ್ದು ಎಲ್ಲಿ ಅಂತ ಕೇಳಿದ್ರೆ ‘ಮೆಜೆಸ್ಟಿಕ್‌ನಲ್ಲಿ’ ಅಂತಿದ್ರು. ಹೋಟೆಲ್ ಬಾಗಿಲು ಹಾಕಿ, ಭಟ್ರು ಬಡಿಸಿದ್ದು ಉಂಡು, ಬನಿಯನ್ ಮೇಲೆ ಅಂಗಿ ಏರಿಸಿ ಲಾಸ್ಟ್ ಶೋಗೆ ಓಡ್ತಿದ್ರಂತೆ ಆ ಹುಡುಗರೆಲ್ಲಾ, ಮೊದಲ ಅರ್ಧ ಗಂಟೆ ಸಿನಿಮಾ ಅವರಿಗೆ ಯಾವತ್ತೂ ಸಿಕ್ಕಿದ್ದಿಲ್ಲ, ಕಥೆ ಶುರು ಹೇಗೆ ಅಂತ ಪಕ್ಕದವನನ್ನ ಪಿಸುಗುಟ್ಟಿ ಕೇಳೋದು, ಪಕ್ಕದವನು ಮರಾಠಿಯವನೋ ಗುಜರಾತಿಯವನೋ ಆಗಿದ್ರೆ ಅವನ ಭಾಷೆಯಲ್ಲೇ ಎರಡು ಮಾತು ಕಲಿಯೋದು. ಮನೆ ಬಿಟ್ಟು ಬಂದ ಹದಿನಾಲ್ಕು ಹದಿನೈದರ ಮಕ್ಕಳು, ರಾತ್ರಿ ಮಲಗೋದು ಹೋಟೆಲ್ ಟೇಬಲ್ ಮೇಲೆ, ಅವರಿಗೆ ಈ ಊರಲ್ಲಿ ಸಾಹುಕಾರ್ರ ಎದುರು ನಿಲ್ಲದೆ ಎರಡು ಗಂಟೆ ಕೂರ್ಲಿಕ್ಕೆ ಸಿಕ್ಕ ಕುರ್ಚಿ ಅಂದ್ರೆ ಥಿಯೇಟರ್‌ನ ಕುರ್ಚಿ ಒಂದೇ. ಅಪ್ಪಯ್ಯನಿಗೆ ‘ಆಲಂ ಆರಾ’ ವಿಷಯ ಗೊತ್ತಿತ್ತು, ಥಿಯೇಟರ್‌ನ ಹಳೇ ಡೋರ್‌ಕೀಪರ್ ಹೇಳಿದ್ದಂತೆ, ಆ ಡೋರ್‌ಕೀಪರ್‌ಗೆ ಅವನ ಮುಂಚಿನವನು ಹೇಳಿದ್ದಂತೆ. ಹಾಗೆ ಒಬ್ಬರಿಂದ ಒಬ್ಬರಿಗೆ ಬಂದ ಮಾತು. ಆ ಬಾಯಿಗಳೆಲ್ಲಾ ಈಗ ಹೋದವು, ಅಪ್ಪಯ್ಯನೂ ಇಲ್ಲ.

ಈಗ ಎಂತ ಉಳಿದಿದೆ ನೋಡಿ. ಸಿನಿಮಾ ಇಲ್ಲ. ‘ಆಲಂ ಆರಾ’ದ ಒಂದು ಪ್ರಿಂಟೂ ಸಿಕ್ಕಿಲ್ಲ, ಕೆಲವು ಫೋಟೋ, ಪೋಸ್ಟರ್, ಪ್ರಚಾರದ ಪುಸ್ತಿಕೆ ಅಷ್ಟೇ. 2003ರಲ್ಲಿ ಪುಣೆಯಲ್ಲಿ ಫಿಲ್ಮ್ ಆರ್ಕೈವ್‌ನ ಹಳೇ ರೀಲುಗಳಿಗೆ ಬೆಂಕಿ ಬಿದ್ದಾಗ ಇದೂ ಸುಟ್ಟುಹೋಯ್ತು ಅಂತ ಎಷ್ಟೋ ಕಡೆ ಬರೀತಾರೆ, ಅದು ಸರಿಯಲ್ಲ, 1964ರಲ್ಲಿ ಶುರುವಾದ ನಮ್ಮ ಫಿಲ್ಮ್ ಆರ್ಕೈವ್‌ನ್ನ ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಅವರೇ ಸ್ಪಷ್ಟ ಹೇಳಿದ್ದಾರೆ, ಆ ಪ್ರಿಂಟ್ ಆರ್ಕೈವ್‌ಗೆ ಯಾವತ್ತೂ ಬಂದೇ ಇರಲಿಲ್ಲ, ಅದಕ್ಕೂ ಬಹಳ ಮೊದಲೇ ಕಳೆದುಹೋಗಿತ್ತು. ಆ ಕಾಲದ ರೀಲು ನೈಟ್ರೇಟ್‌ದು, ಬೇಗ ಬೆಂಕಿ ಹಿಡೀತದೆ, ತನ್ನಷ್ಟಕ್ಕೇ ಹಾಳಾಗ್ತದೆ, ಒಳಗೆ ಬೆಳ್ಳಿಯ ಅಂಶ ಇರ್ತದೆ, ಸಿನಿಮಾ ಓಡಿ ಮುಗಿದ ಮೇಲೆ ಬೆಳ್ಳಿಗೋಸ್ಕರ ಕರಗಿಸಿದ ರೀಲುಗಳಿಗೆ ಲೆಕ್ಕ ಇಲ್ಲ. ತಾಯಿಯ ತಾಳಿಯನ್ನ ತೂಕಕ್ಕೆ ಮಾರಿದ ಹಾಗೆ. ಇಂಪೀರಿಯಲ್ ಸ್ಟುಡಿಯೋ ಇಲ್ಲ. ಮೆಜೆಸ್ಟಿಕ್ ಇಲ್ಲ. ಅದರಲ್ಲಿ ನಟಿಸಿದವರು, ನೋಡಿದವರು ಯಾರೂ ಇಲ್ಲ. ನೆಲ ಒಂದೇ ಉಳಿದಿರೋದು. ಆ ನೆಲದ ಮೇಲೆ ದಿನಾ ಸಾವಿರ ಜನ ನಡೀತಾರೆ, ಅವರಿಗೆ ಹೇಳುವವರಿಲ್ಲ.

ಪಾಲಿಕೆಯವರು ಹೆರಿಟೇಜ್ ಕೆಲಸ ಮಾಡುದಿಲ್ಲ ಅಂತ ನಾನು ಹೇಳುದಿಲ್ಲ. ಈ ಊರಲ್ಲಿ ಹಳೇ ಕಟ್ಟಡದ ಮೇಲೆ ಪ್ರೀತಿ ಇರುವವರು ಬಹಳ ಜನ ಇದ್ದಾರೆ. ಮೆಜೆಸ್ಟಿಕ್‌ನಿಂದ ಸ್ವಲ್ಪವೇ ದೂರದ ರಾಯಲ್ ಒಪೇರಾ ಹೌಸ್ ವರ್ಷಗಟ್ಟಲೆ ಬಾಗಿಲು ಹಾಕಿ ಬಿದ್ದಿತ್ತು, ಗೊಂಡಲ್ ರಾಜಮನೆತನದವರು ಆರ್ಕಿಟೆಕ್ಟ್ ಆಭಾ ನಾರಾಯಣ್ ಲಾಂಬಾ ಅವರ ಕೈಲಿ ರಿಪೇರಿ ಮಾಡಿಸಿ 2016ರಲ್ಲಿ ಮತ್ತೆ ತೆರೆದ್ರು, 2017ರಲ್ಲಿ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಗೌರವ ಸಿಕ್ಕಿತು. ಚರ್ಚ್‌ಗೇಟ್ ಎದುರಿನ 1938ರ ಎರೋಸ್ ಇರುವ ಏರಿಯಾಕ್ಕೇ 2018ರಲ್ಲಿ ವಿಶ್ವ ಪರಂಪರೆ ಪಟ್ಟ ಸಿಕ್ಕಿತು, ಆ ಥಿಯೇಟರ್ ಮುಚ್ಚಿ ಮತ್ತೆ ತೆರೆಯಿತು ಕೂಡ. ನೋಡಿ ಖುಷಿ ಆಗ್ತದೆ, ನಿಜವಾಗಿ. ಆದ್ರೆ ಕಟ್ಟಡ ಉಳಿದದ್ದಕ್ಕೆ ಮಾತ್ರ ಈ ಪ್ರೀತಿ ಸಿಗ್ತದೆ. ಕಟ್ಟಡ ಹೋದ ಜಾಗಕ್ಕೆ ಪಟ್ಟಿಯಲ್ಲಿ ಕಾಲಂ ಇಲ್ಲ. ಚಾಳ್‌ಗಳ ಮಧ್ಯೆ ಇದ್ದ, ನಾಲ್ಕಾಣೆ ಜನರ ಥಿಯೇಟರ್‌ಗಳೇ ಮೊದಲು ಬಿದ್ದದ್ದು, ಹಾಗಾಗಿ ಮರೆವು ಕೂಡ ಹೆಚ್ಚು ಬಡವರ ಕಡೆಯದ್ದೇ ಆಗಿ ಹೋಗಿದೆ.

ಅದೂ ಗಿರ್ಗಾಂವ್ ಅಂದ್ರೆ ಸಾಮಾನ್ಯ ಜಾಗ ಅಲ್ಲ ಸಾರ್. 1911ರಲ್ಲಿ ದಾದಾಸಾಹೇಬ್ ಫಾಲ್ಕೆ ಈಸ್ಟರ್ ಹೊತ್ತಿಗೆ ಏಸುವಿನ ಕಥೆಯ ಸಿನಿಮಾ ನೋಡಿ, ನಮ್ಮ ರಾಮ ಕೃಷ್ಣರನ್ನ ಹೀಗೆ ತೆರೆ ಮೇಲೆ ತರ್ಬಾರ್ದಾ ಅಂತ ತಲೆಯಲ್ಲಿ ಹುಳ ಬಿಟ್ಕೊಂಡದ್ದು ಗಿರ್ಗಾಂವ್‌ನ ಅಮೆರಿಕಾ ಇಂಡಿಯಾ ಪಿಕ್ಚರ್ ಪ್ಯಾಲೇಸ್‌ನಲ್ಲಿ. ಎರಡು ವರ್ಷ ಕಳೆದು ಅವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ಕ್ಕೆ ಸಾರ್ವಜನಿಕರಿಗೆ ತೋರಿಸಿದ್ದು ಗಿರ್ಗಾಂವ್‌ನ ಕಾರೊನೇಷನ್‌ನಲ್ಲಿ. ಹದಿನೆಂಟು ವರ್ಷದ ಮೇಲೆ ಮಾತು ಬಂದದ್ದು ಗಿರ್ಗಾಂವ್‌ನ ಮೆಜೆಸ್ಟಿಕ್‌ನಲ್ಲಿ. ಸಿನಿಮಾ ಮಾಡ್ಬೇಕು ಅನ್ನೋ ಯೋಚನೆ, ಮೊದಲ ಮೂಕಿ ಚಿತ್ರ, ಮೊದಲ ಟಾಕಿ, ಮೂರೂ ಒಂದೇ ಪೇಟೆಯೊಳಗೆ. ಒಂದೇ ಒಂದು ಥಿಯೇಟರ್ ಉಳಿದಿಲ್ಲ ಮೂರರಲ್ಲಿ. ಬೇರೆ ದೇಶ ಆಗಿದ್ರೆ ಇಷ್ಟು ಹೊತ್ತಿಗೆ ಅಲ್ಲೊಂದು ಮ್ಯೂಸಿಯಮ್ಮೇ ಇರ್ತಿತ್ತು, ನಾನು ಕೇಳ್ತಿರೋದು ಕಲ್ಲು.

ಗಿರ್ಗಾಂವ್ ಜನಕ್ಕೆ ನೆನಪು ಇಟ್ಕೊಳ್ಳೋದು ಗೊತ್ತಿಲ್ಲ ಅಂತಲೂ ಅಲ್ಲ. ಕೇಶವ್‌ಜಿ ನಾಯಿಕ್ ಚಾಳ್‌ನ ಗಣಪತಿ 1893ರಿಂದ ನಡ್ಕೊಂಡು ಬಂದಿದೆ, ಗುಡಿ ಪಾಡ್ವದ ಮೆರವಣಿಗೆ ನೋಡ್ಲಿಕ್ಕೆ ಊರ ತುಂಬ ಜನ ಬರ್ತಾರೆ. ಗಿರ್ಗಾಂವ್‌ನಲ್ಲಿ ಶುರುವಾದ ಮೆಜೆಸ್ಟಿಕ್ ಬುಕ್ ಸ್ಟಾಲ್ ಮರಾಠಿ ಓದುವವರಿಗೆಲ್ಲಾ ಮನೆಮಾತು. ಯಾರಾದ್ರೂ ಕೈ ಹಿಡಿದು ತೋರಿಸಿದ್ರೆ ಆ ಚಾಳ್‌ಗಳ ಹುಡುಗರೇ ಈ ಕಲ್ಲನ್ನ ತೊಳೆದು ಹೂ ಇಟ್ಟು ನೋಡ್ಕೊಳ್ತಾರೆ, ನನಗೆ ನಂಬಿಕೆ ಉಂಟು.

ಈಗ ಏನು ಮಾಡ್ಬೇಕು ಅನ್ನೋದನ್ನೂ ಹೇಳ್ತೇನೆ, ಬರೀ ದೂರು ಹೇಳಿ ಸುಮ್ಮನಾಗ್ಲಿಕ್ಕೆ ಈ ಪತ್ರ ಬರೀಲಿಲ್ಲ. ಕಲ್ಲು ಶಾಪಿಂಗ್ ಸೆಂಟರ್‌ನವರ ಒಪ್ಪಿಗೆ ಪಡೆದು ಗೋಡೆಗೆ ಹಾಕಿದ್ರೂ ಆಯ್ತು, ಆಗದಿದ್ರೆ ಜಗನ್ನಾಥ ಶಂಕರಶೇಟ್ ರಸ್ತೆಯ ಫುಟ್‌ಪಾತ್‌ನಲ್ಲಿ ನೆಟ್ಟರೂ ಆಯ್ತು, ಅದು ಪಾಲಿಕೆಯದ್ದೇ ಜಾಗ, ಯಾರನ್ನೂ ಕೇಳ್ಬೇಕಾಗಿಲ್ಲ. ಆದ್ರೆ ತಗಡಿನ ಬೋರ್ಡು ಬೇಡ, ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಅದರ ಮೇಲೆ ಯಾರದ್ದೋ ಹುಟ್ಟುಹಬ್ಬದ ಬ್ಯಾನರ್ ಬರ್ತದೆ. ಮರಾಠಿ ಮೊದಲು ಇರ್ಲಿ, ಆಮೇಲೆ ಹಿಂದಿ ಇಂಗ್ಲಿಷ್. ಬರೆಯುವಾಗ ದಯವಿಟ್ಟು ಉದ್ಘಾಟನೆ ಮಾಡಿದವರ ಹೆಸರು ದೊಡ್ಡದಾಗಿ, ಇರಾನಿ ಯೂಸುಫಾಲಿ ಹೆಸರು ಚಿಕ್ಕದಾಗಿ ಹಾಕ್ಬೇಡಿ. 1918, 1931ರ ಮಾರ್ಚ್ 14, ಸಿನಿಮಾದ ಹೆಸರು, ಕಟ್ಟಿದವರ ಹೆಸರು, ನಾಲ್ಕಾಣೆ ಟಿಕೇಟಿನ ಮಾತು, ಇಷ್ಟಿದ್ರೆ ನಿಂತು ಓದುವ ಮಗುವಿಗೂ ಕಥೆ ಸಿಗ್ತದೆ.

ಮೆಟ್ರೋದವರಿಗೆ ಒಂದು ಮಾತು. ನಿಮ್ಮ ಮೂರನೇ ಲೈನಿನ ಗಿರ್ಗಾಂವ್ ಸ್ಟೇಷನ್‌ಗೋಸ್ಕರ ಆ ರಸ್ತೆಯ ಜನ ವರ್ಷಗಟ್ಟಲೆ ಧೂಳು ತಿಂದಿದ್ದಾರೆ, ಹಳೇ ಮನೆ ಅಂಗಡಿ ಬಿಟ್ಟುಕೊಟ್ಟವರೂ ಇದ್ದಾರೆ. ಸ್ಟೇಷನ್ ಒಳಗೆ ಅಷ್ಟುದ್ದ ಗೋಡೆ ಉಂಟು. ಅದರಲ್ಲಿ ಒಂದು ಗೋಡೆ ಈ ಮೂರು ಥಿಯೇಟರ್‌ಗಳಿಗೆ ಕೊಡಿ. ಫೋಟೋ ಇದ್ದಷ್ಟು ಹಾಕಿ, ಇಲ್ಲದಿದ್ರೆ ಹಳೇ ನಕ್ಷೆ ಹಾಕಿ ಎಲ್ಲಿ ಯಾವುದಿತ್ತು ಅಂತ ಗುರ್ತು ಮಾಡಿ. ಮೇಲೆ ಹತ್ತಿ ಹೊರಗೆ ಬಂದವನು ಆ ನಕ್ಷೆ ಹಿಡಿದು ನಡೆದು ನೋಡ್ಲಿ.

ಇನ್ನು ನಮ್ಮವರಿಗೆ. ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಬಂಟರ ಸಂಘ, ಎಲ್ಲಾ ಜಾತಿ ಊರಿನ ನಮ್ಮ ಸಂಘಗಳಲ್ಲಿ ವರ್ಷ ಪೂರ್ತಿ ಯಕ್ಷಗಾನ, ತಾಳಮದ್ದಳೆ, ಸನ್ಮಾನ ನಡೀತದೆ, ಅದು ಬೇಕು, ನಾನೂ ಹೋಗ್ತೇನೆ. ಅದರ ಜೊತೆ ಒಂದು ಸಂಜೆ ಹಳೇ ಹೋಟೆಲ್ ಕೆಲಸದವರನ್ನ ಕೂರಿಸಿ ಅವರ ಥಿಯೇಟರ್ ನೆನಪನ್ನ ರೆಕಾರ್ಡ್ ಮಾಡಿ. ಎಂಬತ್ತು ದಾಟಿದವರು ಇನ್ನೂ ಇದ್ದಾರೆ, ಡೊಂಬಿವಲಿಯಲ್ಲಿ, ಮೀರಾ ರೋಡಲ್ಲಿ ಮಗನ ಮನೆಯಲ್ಲಿ, ಕೆಲವರು ವಾಪಸ್ ಊರಿಗೆ ಹೋಗಿ ತೋಟ ನೋಡ್ಕೊಂಡಿದ್ದಾರೆ. ಮೆಜೆಸ್ಟಿಕ್‌ನ ಒಳಗೆ ಹೇಗಿತ್ತು, ಬಾಲ್ಕನಿಗೆ ಮೆಟ್ಟಿಲು ಯಾವ ಬದಿ, ಇಂಟರ್‌ವಲ್‌ಗೆ ಎಂತ ಸಿಗ್ತಿತ್ತು, ಇದನ್ನೆಲ್ಲ ಹೇಳಬಲ್ಲವರು ಅವರು ಮಾತ್ರ. ಮತ್ತೆ ನಿಮ್ಮ ಮನೆ ಅಟ್ಟದ ಟ್ರಂಕ್ ತೆಗೆದು ನೋಡಿ, ಆಗ ಥಿಯೇಟರ್ ಬಾಗಿಲಲ್ಲಿ ಮಾರ್ತಿದ್ದ ಹಾಡಿನ ಪುಸ್ತಕ, ಅರ್ಧ ಹರಿದ ಟಿಕೇಟು, ಪಾಸು, ಥಿಯೇಟರ್ ಮುಂದೆ ನಿಂತು ತೆಗೆಸಿದ ಫೋಟೋ, ಏನು ಸಿಕ್ಕಿದ್ರೂ ರದ್ದಿಯವನಿಗೆ ಹಾಕ್ಬೇಡಿ. ಒಳ್ಳೆ ಬೆಳಕಲ್ಲಿ ಫೋನಲ್ಲಿ ಎರಡೂ ಬದಿ ಫೋಟೋ ತೆಗೀರಿ, ಹಿಂದೆ ಪೆನ್ಸಿಲಲ್ಲಿ ಯಾರದ್ದು, ಯಾವ ವರ್ಷ ಅಂತ ಬರೀರಿ, ಪ್ಲಾಸ್ಟಿಕ್ ಹಾಳೆಯ ಬದಲು ಕಾಗದದ ಕವರಲ್ಲಿಡಿ, ಮುಂಬಯಿ ಮಳೆಗೆ ಪ್ಲಾಸ್ಟಿಕ್ ಒಳಗೆ ಬೂಸ್ಟು ಹಿಡೀತದೆ.

2034ರ ಮಾರ್ಚ್ 3ಕ್ಕೆ ‘ಸತಿ ಸುಲೋಚನ’ಕ್ಕೂ ನೂರು ತುಂಬ್ತದೆ. ಕನ್ನಡದ್ದು ಬಂದಾಗ ಬೆಂಗಳೂರಿನವರು ಹಬ್ಬ ಮಾಡ್ತಾರೆ, ಮಾಡ್ಬೇಕು. ಅದಕ್ಕಿಂತ ಮೂರು ವರ್ಷ ಮೊದಲು ಬರುವ ‘ಆಲಂ ಆರಾ’ದ ದಿನವನ್ನ ಇಲ್ಲಿ ಅನ್ನ ತಿಂದ ನಾವು ಮರಾಠಿ ಗುಜರಾತಿ ಪಾರ್ಸಿ ಜನರ ಜೊತೆ ಸೇರಿ ಮಾಡುವ.

ಆಯುಕ್ತರೇ, ಕಲ್ಲಿನ ಖರ್ಚು ಪಾಲಿಕೆಗೆ ಭಾರ ಅಂತಾದ್ರೆ ಒಂದು ಮಾತು ಹೇಳಿ, ಹಳೇ ಹೋಟೆಲ್ ಹುಡುಗರ ಮಕ್ಕಳು ನಾವು ಸುಮಾರು ಜನ ಇದ್ದೇವೆ, ದುಡ್ಡು ಒಟ್ಟು ಮಾಡ್ತೇವೆ. ನಮಗೆ ಬೇಕಾದದ್ದು ಪರ್ಮಿಷನ್ನು, ಮತ್ತೆ ಆ ಫುಟ್‌ಪಾತ್‌ನಲ್ಲಿ ಎರಡಡಿ ಜಾಗ.

ಇಂತಿ ನಿಮ್ಮ ವಿಶ್ವಾಸಿ,
ಗಿರ್ಗಾಂವ್‌ನಲ್ಲಿ ಹುಟ್ಟಿದ ಒಬ್ಬ ಕನ್ನಡಿಗ